‘ಹಂತಕ’ ಎಂಬ ಪದವನ್ನು ಹೊಡೆದುಹಾಕಿದ್ದೇನೆ

ಪ್ರಿಯ ಗೆಳೆಯರೇ,

ನಿಮ್ಮೂರಿನ ಕೊಲೆ ಪ್ರಕರಣದ ಬಗ್ಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಲು ಆಗುವುದಿಲ್ಲ.

ವಿಜಯಪುರದ ದರ್ಗಾ ಜೈಲಿನ ಗೇಟಿನ ಮುಂದೆ ಆರೋಪಿಯ ತಾಯಿ ರೊಟ್ಟಿಗಂಟು ಹಿಡಿದು ನಿಂತಿದ್ದನ್ನು ಬರೆದಿದ್ದೀರಲ್ಲ, ಅದು ನೀವೇ ಕಣ್ಣಾರೆ ಕಂಡದ್ದು. ಗಂಟಿನೊಳಗಿನ ಎಣ್ಣೆ ಸೆರಗಿಗೆ ಹತ್ತಿದ್ದನ್ನೂ ಬಿಟ್ಟಿಲ್ಲ. ಅಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ. ಆದರೆ ಮೊದಲ ಸಾಲಿನಲ್ಲೇ ಆಕೆಯ ಮಗನನ್ನು ‘ಹಂತಕ’ ಎಂದಿದ್ದೀರಿ. ಅದನ್ನು ಎಲ್ಲಿ ಕಂಡಿರಿ? ಚಾರ್ಜ್‌ಶೀಟ್ ಕೂಡ ಆಗಿಲ್ಲ ಅಂತ ನೀವೇ ಬರೆದಿದ್ದೀರಿ. ಸದ್ಯಕ್ಕೆ ಆತ ಆರೋಪಿ, ಅಷ್ಟೇ.

‘ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನೆ’ ಎಂಬುದು ನಿಮ್ಮ ದೊಡ್ಡ ಆಧಾರ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ನಡೆಯುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಅದನ್ನೇ ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುವುದೂ ಅದನ್ನೇ. ಏಟು ತಾಳಲಾರದೆ ಒಪ್ಪಿಕೊಳ್ಳುವವರೂ ಇರುತ್ತಾರೆ, ಅದಕ್ಕೇ ಈ ಕಟ್ಟು. ಕೋರ್ಟು ಕಿವಿಗೆ ಹಾಕಿಕೊಳ್ಳದ ಮಾತನ್ನು ನಾವು ಇಡೀ ಜಿಲ್ಲೆಗೆ ಸಾರಬೇಕಾ?

ಆರೋಪಿಯ ಫೋಟೊ ಕಳಿಸಿದ್ದು ಇನ್ನೂ ದೊಡ್ಡ ತಪ್ಪು. ನಾಳೆ ಗುರುತು ಪತ್ತೆ ಪರೇಡಿನಲ್ಲಿ, ಅಂದರೆ ಹಲವರನ್ನು ಸಾಲಾಗಿ ನಿಲ್ಲಿಸಿದಾಗ, ಸಾಕ್ಷಿ ಆತನನ್ನು ಗುರುತಿಸಿ ತೋರಿಸಬೇಕು. ಆತನ ಮುಖವನ್ನು ಮೊದಲೇ ಪತ್ರಿಕೆಯಲ್ಲಿ ನೋಡಿದ್ದರೆ ಆ ಪರೇಡಿಗೆ ಏನು ಬೆಲೆ? ಆರೋಪಿ ಪರ ವಕೀಲರು ಮೊದಲು ಹಿಡಿಯುವುದೇ ಅದನ್ನು. ಸತ್ತವನ ಮನೆಯವರಿಗೆ ನ್ಯಾಯ ಸಿಗಲಿ ಎಂದು ಬರೆಯಲು ಹೋಗಿ ಅವರ ಕೇಸನ್ನೇ ಕೆಡಿಸಿಬಿಡುತ್ತೀರಿ.

‘ನಮ್ಮಲ್ಲಿ ತೀರ್ಪು ಹೇಳಲು ಸಾಮಾನ್ಯ ಜನರ ಜ್ಯೂರಿ ಇಲ್ಲ, ಪತ್ರಿಕೆ ಓದಿ ಯಾವ ಜಡ್ಜ್ ತೀರ್ಪು ಕೊಡ್ತಾರೆ?’ ಎಂದು ಪತ್ರದಲ್ಲಿ ಕೇಳಿದ್ದೀರಿ. ಜಡ್ಜ್ ಓದದೇ ಇರಬಹುದು. ಸಾಕ್ಷಿ ಹೇಳಬೇಕಾದವರು ನಿಮ್ಮೂರಿನವರು, ಅವರು ಓದುತ್ತಾರೆ. ವಿಚಾರಣೆಗೆ ನಿಜವಾಗಿ ಧಕ್ಕೆಯಾಗುವಂತಿದ್ದರೆ ಕೋರ್ಟು ಸ್ವಲ್ಪ ಕಾಲ ವರದಿ ತಡೆಹಿಡಿಯಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸಹಾರಾ ಕಂಪನಿಯ ಪ್ರಕರಣದಲ್ಲಿ ಹೇಳಿದ್ದು ಸುಮ್ನೆ ಅಲ್ಲ.

ನಾನೂ ಹೊಸದರಲ್ಲಿ ಒಬ್ಬ ಹುಡುಗನನ್ನು ಹೀಗೇ ‘ಕೊಲೆಗಾರ’ ಎಂದು ಬರೆದಿದ್ದೆ. ನಾಲ್ಕು ವರ್ಷದ ಮೇಲೆ ಆತ ಖುಲಾಸೆಯಾದ. ನಾವು ಹಾಕಿದ್ದು ಒಳಪುಟದಲ್ಲಿ ಮೂರು ಸಾಲು. ಹಳದಿಯಾದ ಹಳೇ ಕಟಿಂಗ್ ಹಿಡಿದು ಆಫೀಸಿಗೆ ಬಂದು, ‘ಸರ, ಇದನ್ನ ಅಳಿಸಿ ಕೊಡ್ರಿ’ ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಜೈಲಿನ ಗೇಟಿನಿಂದಲೇ ಲೇಖನ ಶುರು ಮಾಡಿ. ಫೋಟೊ ಬೇಡ. ಸತ್ತವನ ಮನೆಗೂ ಒಮ್ಮೆ ಹೋಗಿ ಬನ್ನಿ, ಆ ಮನೆಯವರ ಮಾತು ಲೇಖನದಲ್ಲಿ ಇಲ್ಲವೇ ಇಲ್ಲ. 10ನೇ ತಾರೀಖಿನೊಳಗೆ ಕಳಿಸಿ, ಪುಟ ಖಾಲಿ ಇಟ್ಟಿರುತ್ತೇನೆ.