ಕಡ್ಡಿ ಹೆಚ್ಚಾದರೆ ಸೇತುವೆ ಗಟ್ಟಿಯಾಗುವುದೆ?

ಪ್ರಶ್ನೆ: ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಐಸ್‌ಕ್ರೀಮ್ ಕಡ್ಡಿಗಳಿಂದ ಸೇತುವೆಯೊಂದನ್ನು ಕಟ್ಟಿದ್ದಳು. ಗೆಳತಿಗಿಂತ ಎರಡರಷ್ಟು ಕಡ್ಡಿ ಬಳಸಿದ್ದರೂ ಇವಳ ಸೇತುವೆಯೇ ಮೊದಲು ಮುರಿಯಿತು. ಕಾರಣವೇನು? ಮನೆಯಲ್ಲಿ ಮತ್ತೆ ಕಟ್ಟಿ ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?
– ಓದುಗರೊಬ್ಬರು, ಮಂಡ್ಯ

ಉತ್ತರ: ಸೇತುವೆ ಎಲ್ಲಿ ಮುರಿಯಿತೆಂಬುದನ್ನು ನೀವು ತಿಳಿಸಿಲ್ಲ, ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಮುರಿದ ತುಂಡುಗಳನ್ನು ಎಸೆದಿರದಿದ್ದರೆ ಮಗಳೊಂದಿಗೆ ಕುಳಿತು ಒಂದೊಂದನ್ನೂ ನೋಡಿ. ಕಡ್ಡಿಗಳು ಇಡಿಯಾಗಿದ್ದು ಅಂಟು ಮಾತ್ರ ಬಿಟ್ಟಿದ್ದರೆ ತಪ್ಪು ಸಂದಿನಲ್ಲಿದೆ. ಬಿಳಿ ಅಂಟು ಮುಟ್ಟಲು ಒಣಗಿದಂತೆ ತೋರಿದರೂ ಒಳಗೆ ಹಸಿಯಾಗಿರುತ್ತದೆ. ಪ್ರತಿ ಸಂದಿಗೂ ಬಟ್ಟೆಯ ಕ್ಲಿಪ್ಪು ಹಾಕಿ ಒಂದು ರಾತ್ರಿ ಬಿಡಬೇಕು. ಕೆಳಸಾಲಿನ ಕಡ್ಡಿ ಸೀಳಿದ್ದರೆ ಅದು ಎಳೆತಕ್ಕೆ ಸೋತಿದೆ. ಮೇಲ್ಸಾಲಿನ ಕಡ್ಡಿ ಪಕ್ಕಕ್ಕೆ ಬಾಗಿ ಮುರಿದಿದ್ದರೆ ಅದು ಒತ್ತಡಕ್ಕೆ ಸೋತಿದೆ. ಮಕ್ಕಳು ಕಟ್ಟುವ ಸೇತುವೆಗಳಲ್ಲಿ ಈ ಮೂರನೆಯದನ್ನು ಗುರುತಿಸುವುದೇ ಕಷ್ಟ, ಏಕೆಂದರೆ ಅಲ್ಲಿ ಕಡ್ಡಿಯ ಮರ ದುರ್ಬಲವಾಗಿರುವುದಿಲ್ಲ, ಆಧಾರವಿಲ್ಲದ ಅದರ ಉದ್ದ ಹೆಚ್ಚಾಗಿರುತ್ತದೆ. ತೆಳುವಾದ ಕಡ್ಡಿಯನ್ನು ಎರಡು ತುದಿಗಳಿಂದ ಒತ್ತಿದಾಗ, ಅದರ ಉದ್ದ ಅರ್ಧವಾದರೆ ಬಾಗದೆ ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಸರಿಯಾದ ಎಡೆಯಲ್ಲಿ ಅಡ್ಡವಾಗಿ ಅಂಟಿಸಿದ ಒಂದೇ ಕಡ್ಡಿಯಿಂದ ಆಗುವ ಉಪಕಾರ, ಹಾಸಿನ ಮೇಲೆ ಸುಮ್ಮನೆ ಪೇರಿಸಿದ ಹತ್ತು ಕಡ್ಡಿಗಳಿಂದ ಆಗದಿರಬಹುದು.

ಇನ್ನು ಜೋಡಣೆಯ ವಿಚಾರ. ನಾಲ್ಕು ರಟ್ಟಿನ ಪಟ್ಟಿಗಳ ತುದಿಗಳನ್ನು ಗುಂಡುಪಿನ್ನಿನಿಂದ ಸೇರಿಸಿ ಚೌಕ ಮಾಡಿ, ಒಂದು ಮೂಲೆಯನ್ನು ತಳ್ಳಲು ಮಗಳಿಗೆ ಹೇಳಿ. ಚೌಕ ಓರೆಯಾಗಿ ಮಡಿಯುತ್ತದೆ. ಮೂರು ಪಟ್ಟಿಗಳ ತ್ರಿಕೋನ ಹಾಗೆ ಮಡಿಯುವುದಿಲ್ಲ. ಯಾವುದಾದರೊಂದು ಪಟ್ಟಿ ಬಾಗದೆ ಅಥವಾ ಹರಿಯದೆ ಅದರ ಆಕಾರ ಬದಲಾಗಲಾರದು. ಅವಳ ಸೇತುವೆಯಲ್ಲಿ ಕರ್ಣಗಳಿಲ್ಲದ ಚೌಕಗಳೇ ಇದ್ದಿದ್ದರೆ ಭಾರವೆಲ್ಲ ಸಂದುಗಳ ಅಂಟಿನ ಮೇಲೆಯೇ ಬಿದ್ದಿರುತ್ತದೆ.

ಸಾಧ್ಯವಾದರೆ ಒಂದು ಭಾನುವಾರ ಅವಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ತೋರಿಸಿ. ಅದರ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎರಡು ಕಂಬಗಳ ನಡುವೆ ಮಲಗಿಸಿದ ಕಲ್ಲುತೊಲೆಯ ಕೆಳಮೈ ಎಳೆತಕ್ಕೆ ಸಿಗುವುದರಿಂದ ಅಂತರವನ್ನು ಕಿರಿದಾಗಿಸದೆ ಬೇರೆ ದಾರಿಯಿಲ್ಲ. ಕಂಬದ ತಲೆಯ ಮೇಲೆ ಹೊರಚಾಚಿದ ಕಲ್ಲುಗಳನ್ನಿಟ್ಟಿರುವುದರಿಂದ ಆ ಅಂತರ ಇನ್ನಷ್ಟು ತಗ್ಗಿದೆ. ಪುಸ್ತಕದ ಚಿತ್ರಕ್ಕಿಂತ ಇದನ್ನು ಕೆಳಗೆ ನಿಂತು ನೋಡಿದರೆ ಮಗುವಿಗೆ ಬೇಗ ತಿಳಿಯುತ್ತದೆಂಬುದು ನನ್ನ ದೃಢವಾದ ನಂಬಿಕೆ. ಮಳೆಗಾಲದಲ್ಲಿ ಹೊಳೆ ತುಂಬಿರುವಾಗ ಮಾತ್ರ ಹೋಗಬೇಡಿ.

ಪರೀಕ್ಷೆಗೆ ಸಮ ಎತ್ತರದ ಎರಡು ಸ್ಟೂಲುಗಳನ್ನು 30 ಸೆಂಟಿಮೀಟರ್ ಅಂತರದಲ್ಲಿಟ್ಟು, 40 ಸೆಂಟಿಮೀಟರ್ ಉದ್ದದ ಸೇತುವೆಯನ್ನು ಅವುಗಳ ಮೇಲೆ ಕೂರಿಸಿ. ಹೋಲಿಸಬೇಕಾದ ಸೇತುವೆಗಳಿಗೆಲ್ಲ ಇದೇ ಅಂತರವಿರಲಿ. ನಡುವೆ ಒಂದು ಮರದ ತುಂಡನ್ನು ಅಡ್ಡಲಾಗಿಟ್ಟು, ಅದಕ್ಕೆ ಹಗ್ಗ ಕಟ್ಟಿ, ನೆಲದಿಂದ ನಾಲ್ಕು ಬೆರಳಿನಷ್ಟು ಮೇಲಿರುವಂತೆ ಬಕೆಟ್ಟನ್ನು ತೂಗುಬಿಟ್ಟು, ಅಳತೆಯ ಪಾತ್ರೆಯಿಂದ ನಿಧಾನವಾಗಿ ನೀರು ಸುರಿಯಿರಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಬಕೆಟ್ಟಿನ ತೂಕವನ್ನೂ ಸೇರಿಸಿಕೊಳ್ಳಬೇಕು. ಪ್ರತಿ ಲೀಟರಿನ ಬಳಿಕ ಅರ್ಧ ನಿಮಿಷ ಕಾಯಿರಿ. ಕೆಳಗೆ ಗೋಣಿಚೀಲ ಹಾಸಿರಲಿ, ಕಾಲುಗಳು ದೂರವಿರಲಿ. ಕೊನೆಯಲ್ಲಿ, ಹೊತ್ತ ಭಾರವನ್ನು ಸೇತುವೆಯ ಸ್ವಂತ ತೂಕದಿಂದ ಭಾಗಿಸಿ. 100 ಗ್ರಾಂ ತೂಗುವ ಸೇತುವೆ 12 ಕಿಲೋ ಹೊತ್ತರೆ ಫಲ 120; 250 ಗ್ರಾಂ ತೂಗುವುದು 20 ಕಿಲೋ ಹೊತ್ತರೆ 80. ಹೆಚ್ಚು ಭಾರ ಹೊತ್ತದ್ದು ಎರಡನೆಯದಾದರೂ ಉತ್ತಮವಾಗಿ ಕಟ್ಟಿದ್ದು ಮೊದಲನೆಯದು.

ಪ್ರಶ್ನೆ: ಅಷ್ಟು ದಿನ ಕುಳಿತು ಕಟ್ಟಿದ ಸೇತುವೆ ಮುರಿದಾಗ ನಮ್ಮ ಶಾಲೆಯ ಚಿಕ್ಕ ಮಕ್ಕಳು ಅಳುತ್ತಾರೆ. ಮುರಿಯದೆ ಪರೀಕ್ಷಿಸಲಾಗದೆ?
– ಶಿಕ್ಷಕಿಯೊಬ್ಬರು, ಮೈಸೂರು

ಉತ್ತರ: ಆಗುತ್ತದೆ, ಮೇಡಂ. ನಿಜವಾದ ಸೇತುವೆಗಳ ಭಾರಪರೀಕ್ಷೆಯಲ್ಲಿಯೂ ತೂಕವಿಟ್ಟಾಗ ಅದು ಎಷ್ಟು ಬಾಗಿತು, ತೆಗೆದ ಮೇಲೆ ಎಷ್ಟು ಮರಳಿತು ಎಂಬುದನ್ನೇ ಅಳೆಯುತ್ತಾರೆ. ಸೇತುವೆಯ ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ ಮಕ್ಕಳಿಂದಲೇ ಮಿಲಿಮೀಟರುಗಳನ್ನು ಬರೆಸಿ. ತೂಕ ತೆಗೆದ ಮೇಲೂ ಬಾಗು ಉಳಿದರೆ ಅಲ್ಲಿಗೆ ನಿಲ್ಲಿಸಿ. ಆದರೆ ಮುರಿಯುವ ಪರೀಕ್ಷೆಯನ್ನು ಪೂರ್ತಿ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ದೋಷ ಎಲ್ಲಿದೆಯೆಂದು ಬಾಗು ಅಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ. ಪ್ರತಿ ತಂಡದಿಂದಲೂ ಒಂದೇ ನಕ್ಷೆಯ ಎರಡು ಸೇತುವೆ ಕಟ್ಟಿಸಿ, ಒಂದನ್ನು ಮನೆಗೆ ಒಯ್ಯಲು ಬಿಡಿ. ಇನ್ನೊಂದು ಎಲ್ಲಿ ಮುರಿಯಬಹುದೆಂದು ಮೊದಲೇ ಪೆನ್ಸಿಲ್ಲಿನಿಂದ ಗುರುತು ಹಾಕಿಸಿ, ಆಮೇಲೆ ನೀರು ಸುರಿಯಲು ಅವರಿಗೇ ಬಿಡಿ.