ಚಂದ್ರನಿಲ್ಲದ ಕಡೆಯೂ ಕಡಲು ಉಬ್ಬುವುದೇಕೆ?

ಮಾನ್ಯರೇ,

ಅಘನಾಶಿನಿ ಅಳಿವೆಯ ದಂಡೆಯಿಂದ ನೀವು ಬರೆದ ಪತ್ರ ತಲುಪಿತು. ಚಂದ್ರನೇ ಕಡಲ ನೀರನ್ನು ಸೆಳೆಯುವುದಾದರೆ ಅವನು ನೆತ್ತಿಯ ಮೇಲೆ ಬಂದಾಗ ಒಮ್ಮೆ ಮಾತ್ರ ಭರತ, ಅಂದರೆ ಕಡಲಿನ ಉಬ್ಬರ, ಬರಬೇಕಲ್ಲವೇ, ದಿನಕ್ಕೆರಡು ಬಾರಿ ಬರುವುದೇಕೆ ಎಂದು ನಿಮ್ಮ ಮಗಳು ಕೇಳಿದ್ದಾಳೆ. ಸೂರ್ಯನ ಪಾಲೆಷ್ಟು ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಚಂದ್ರನ ಸೆಳೆತ ಭೂಮಿಯ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಅವನಿಗೆ ಎದುರಾಗಿರುವ ಕಡಲು ಭೂಮಿಯ ನಡುಬಿಂದುವಿಗಿಂತ ಸುಮಾರು 6,400 ಕಿಲೋಮೀಟರ್ ಹತ್ತಿರದಲ್ಲಿದ್ದರೆ, ಬೆನ್ನ ಕಡೆಯ ಕಡಲು ಅಷ್ಟೇ ದೂರದಲ್ಲಿದೆ. ಆದ್ದರಿಂದ ಎದುರಿನ ನೀರು ಭೂಮಿಗಿಂತ ತುಸು ಮುಂದಕ್ಕೆ ಬಾಗುತ್ತದೆ. ಬೆನ್ನ ಕಡೆಯಲ್ಲಿ ಭೂಮಿಯೇ ಮುಂದಾಗಿ ನೀರು ತುಸು ಹಿಂದುಳಿಯುತ್ತದೆ. ಹೀಗೆ ಎರಡೂ ಕಡೆ ಉಬ್ಬು. ಭೂಮಿ ತಿರುಗುವಾಗ ನಮ್ಮ ದಂಡೆ ಎರಡು ಉಬ್ಬುಗಳನ್ನೂ ಹಾದು ಹೋಗುವುದರಿಂದ ದಿನಕ್ಕೆರಡು ಭರತ. ನ್ಯೂಟನ್ 1687ರಲ್ಲಿ ಗುರುತ್ವದ ನಿಯಮದಿಂದ ಇದನ್ನು ವಿವರಿಸಿದರು. ಈ ವ್ಯತ್ಯಾಸದ ಬಲ ಬಹಳ ಚಿಕ್ಕದು, ಭೂಮಿಯ ಗುರುತ್ವದ ಸುಮಾರು ಕೋಟಿಯಲ್ಲೊಂದು ಪಾಲು. ಅದು ನೀರನ್ನು ಮೇಲಕ್ಕೆ ಎತ್ತಲಾರದು. ಸಾವಿರಾರು ಕಿಲೋಮೀಟರ್ ಹರಡಿರುವ ಸಾಗರದಲ್ಲಿ ನೀರನ್ನು ಅಡ್ಡಲಾಗಿ ಸರಿಸಿ ಒಂದೆಡೆ ಕೂಡಿಸುತ್ತದೆ. ಲಿಂಗನಮಕ್ಕಿಯಂಥ ಜಲಾಶಯದಲ್ಲಿ ಉಬ್ಬರ ಕಣ್ಣಿಗೆ ಕಾಣದಿರುವುದು ಇದಕ್ಕೇ.

ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆಯುತ್ತಾನೆ, ನಿಜ. ಆದರೆ ಅವನು ಚಂದ್ರನಿಗಿಂತ ಸುಮಾರು 390 ಪಟ್ಟು ದೂರವಿರುವುದರಿಂದ ಭೂಮಿಯ ಈ ಬದಿಗೂ ಆ ಬದಿಗೂ ಅವನ ಸೆಳೆತದಲ್ಲಿ ಹೆಚ್ಚು ಅಂತರ ಬೀಳುವುದಿಲ್ಲ. ಹೀಗಾಗಿ ಉಬ್ಬರದಲ್ಲಿ ಅವನ ಬಲ ಚಂದ್ರನ ಬಲದ ಅರ್ಧಕ್ಕಿಂತ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಭರತ ಹೆಚ್ಚುತ್ತದೆ, ಅಷ್ಟಮಿಯ ಹೊತ್ತಿಗೆ ತಗ್ಗುತ್ತದೆ.

ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿಗಳನ್ನು ಹೆಕ್ಕಲು ಅಳಿವೆಗೆ ಇಳಿಯುವ ಹೆಂಗಸರು ದಿನದಿನಕ್ಕೂ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗಿ ಹೊರಡುವುದನ್ನು ನೀವು ಗಮನಿಸಿದ್ದೀರಿ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಮುಂದೆ ಸಾಗಿರುತ್ತಾನೆ. ಅವನೆದುರು ಮತ್ತೆ ಬರಲು ನಮ್ಮ ದಂಡೆಗೆ ಸರಾಸರಿ 24 ಗಂಟೆ 50 ನಿಮಿಷ ಬೇಕು. ಇನ್ನು ನೀರು ಎಷ್ಟು ಏರುತ್ತದೆ ಎಂಬುದು ಕರಾವಳಿಯ ಆಕಾರಕ್ಕೆ ಬಿಟ್ಟದ್ದು. ಕಾರವಾರದಲ್ಲಿ ಏರಿಳಿತ ಎರಡು ಮೀಟರಿನ ಆಸುಪಾಸಿನಲ್ಲಿದ್ದರೆ, ಆಲಿಕೆಯಂತೆ ಕಿರಿದಾಗುತ್ತ ಹೋಗುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಮುಟ್ಟುತ್ತದೆ.

ಹೊಳೆಗೆ ಮಳೆನೀರು ಸೇರದ ಚಳಿಗಾಲದಲ್ಲಿ, ದಕ್ಕೆಯ ಕಂಬವೊಂದರ ಮೇಲೆ ಪ್ರತಿ ಭರತಕ್ಕೂ ನೀರು ಮುಟ್ಟಿದ ಮಟ್ಟವನ್ನು ಹದಿನೈದು ದಿನ ಗುರುತು ಹಾಕಲು ಮಗಳಿಗೆ ಹೇಳಿ. ಒಂದೇ ದಿನದ ಎರಡು ಗೆರೆಗಳು ಸಾಮಾನ್ಯವಾಗಿ ಒಂದೇ ಎತ್ತರಕ್ಕೆ ಬೀಳುವುದಿಲ್ಲ. ಚಂದ್ರ ಸಮಭಾಜಕ ವೃತ್ತದ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವುದೇ ಅದಕ್ಕೆ ಕಾರಣ. ಎಲ್ಲಕ್ಕಿಂತ ಮೇಲಿನ ಗೆರೆಯೂ ಹುಣ್ಣಿಮೆಯಂದೇ ಬೀಳದೆ ಒಂದೆರಡು ದಿನ ಕಳೆದು ಬೀಳಬಹುದು, ಏಕೆಂದರೆ ಅಷ್ಟು ನೀರು ಸರಿದು ಬರಲು ಕಡಲಿಗೂ ಸಮಯ ಬೇಕು. ಆ ಗೆರೆಗಳ ಲೆಕ್ಕವನ್ನು ಅವಳ ಕೈಬರಹದಲ್ಲೇ ನಮಗೆ ಕಳುಹಿಸಿಕೊಡಿ.

— ಸಂಪಾದಕ