ತರಕಾರಿ ಮಡಿಗೆ ಎಷ್ಟು ಮಲ್ಚ್ (ಮಣ್ಣಿನ ಮೇಲೆ ಹಾಸುವ ಎಲೆ, ಹುಲ್ಲಿನಂಥ ಹೊದಿಕೆ) ಕೊಳ್ಳಬೇಕು, ಲೆಕ್ಕ ಹೇಗೆ?

ಮಡಿಯ ಉದ್ದ, ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ. ಅದನ್ನು ಹೊದಿಕೆಯ ದಪ್ಪದಿಂದ (ಇಂಚಿನಲ್ಲಿ) ಗುಣಿಸಿ, 12ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 10 ಅಡಿ ಉದ್ದ, 4 ಅಡಿ ಅಗಲದ ಬದನೆ ಮಡಿಗೆ 3 ಇಂಚು ಹೊದಿಕೆ ಅಂದರೆ 10 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಹಾಗಾಗಿ ಒಟ್ಟು 280 ಲೀಟರ್. ಕೆಜಿ ಲೆಕ್ಕದಲ್ಲಿ ಕೊಳ್ಳಬೇಡಿ, ಒದ್ದೆ ಇದ್ದರೆ ತೂಕ ಸುಮ್ನೆ ಜಾಸ್ತಿ ಬರುತ್ತದೆ.

ಒಣ ಎಲೆ, ಭತ್ತದ ಹುಲ್ಲಾದರೆ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಒಂದೆರಡು ಮಳೆಗೇ ಕುಸಿಯುತ್ತದೆ. ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯಬಹುದು. ಮೊದಲು ಮನೆ ಹತ್ತಿರದ ಹೊಂಗೆ, ಮಾವಿನ ತರಗೆಲೆ ಗುಡಿಸಿ ಚೀಲ ತುಂಬಿ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ದುಡ್ಡು ಕೊಡಿ.